ಮನೆಯ ದುಡಿಮೆಗೂ ಲೆಕ್ಕ ಇರಲಿ

(ಅಘನಾಶಿನಿ ದಂಡೆಯ ರೈತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಬೆಲೆ ಮತ್ತು ಸಾಲದ ಬಗ್ಗೆ ನಾಲ್ಕು ಮಾತು ಆಡಿ ಎಂದು ಕರೆದಿದ್ದೀರಿ. ಬೆಲೆ ಎಂದರೆ ನಮಗೆ ಕೂಡಲೇ ನೆನಪಾಗುವುದು ಪೇಟೆ, ಮಂಡಿ, ದಲ್ಲಾಳಿ, ದಿಲ್ಲಿ. ಸಾಲ ಎಂದರೆ ಸೊಸೈಟಿ, ಬ್ಯಾಂಕು, ನೋಟೀಸು. ನಾನು ಇವತ್ತು ಅಲ್ಲಿಂದ ಶುರು ಮಾಡುವುದಿಲ್ಲ. ನಿಮ್ಮ ಹಿತ್ತಲಿನಿಂದ, ಕೊಟ್ಟಿಗೆಯಿಂದ, ಬಚ್ಚಲ ಒಲೆಯಿಂದ ಶುರು ಮಾಡುತ್ತೇನೆ. ಯಾಕೆಂದರೆ ಬೆಲೆಯ ಅನ್ಯಾಯ ಮಂಡಿಯಲ್ಲಿ ಕಾಣಿಸಿಕೊಂಡರೂ ಅದನ್ನು ತುಂಬಿಕೊಡುವವರು ಮನೆಯ ಒಳಗೆ ಇದ್ದಾರೆ. ಅವರ ಹೆಸರು ಯಾವ ಲೆಕ್ಕದಲ್ಲೂ ಇಲ್ಲ.

ನಿಮ್ಮಲ್ಲಿ ಕೆಲವರಿಗೆ ಸಂಶಯ ಬಂದಿರಬಹುದು. ಅಧಿಕಾರಿಗಳು ಬಂದಾಗಲೆಲ್ಲ ಹೇಳುವುದೂ ಇದೇ ತಾನೇ? ಕೋಳಿ ಸಾಕಿ, ಜೇನು ಇಡಿ, ಹಿತ್ತಲಲ್ಲಿ ತರಕಾರಿ ಹಾಕಿ, ಉಪಕಸುಬು ಮಾಡಿ ಎನ್ನುತ್ತಾರೆ. ನ್ಯಾಯವಾದ ಬೆಲೆ ಕೇಳಿದವನ ಕೈಗೆ ನಾಲ್ಕು ಕೋಳಿಮರಿ ಕೊಟ್ಟು ಕಳಿಸುವ ಉಪಾಯ ಇದು. ಬಸಳೆ ಚಪ್ಪರ ಹಾಕಿದರೆ ಸಾಲ ತೀರುತ್ತದೆ ಎಂದು ಹೇಳಲು ನಾನು ಬಂದಿಲ್ಲ. ಚಪ್ಪರವನ್ನೂ ಹಾಕಬೇಕು, ಅದಕ್ಕೆ ಹಿಡಿದ ದುಡಿಮೆಯ ಲೆಕ್ಕವನ್ನೂ ಇಡಬೇಕು, ಆ ಲೆಕ್ಕವನ್ನು ಹಿಡಿದು ಬೆಲೆಯನ್ನೂ ಕೇಳಬೇಕು. ಇಷ್ಟೇ ನನ್ನ ಮಾತು.

ಮಾರುವಾಗ ಒಂದು ದರ, ಕೊಳ್ಳುವಾಗ ಇನ್ನೊಂದು

ಒಂದು ಸಣ್ಣ ಲೆಕ್ಕ ಮಾಡೋಣ. ಇದು ಉದಾಹರಣೆಯ ಲೆಕ್ಕ. ನಿಮ್ಮ ನಿಮ್ಮ ಅಂಕೆಗಳನ್ನು ನೀವು ಹಾಕಿಕೊಳ್ಳಿ.

ಒಂದು ಎಕರೆ ಗದ್ದೆಯಲ್ಲಿ 8 ಕ್ವಿಂಟಲ್ ಭತ್ತ ಬಂತು ಎನ್ನಿ. 2025-26ನೇ ಸಾಲಿಗೆ ಕೇಂದ್ರ ಸರಕಾರ ಸಾಮಾನ್ಯ ಭತ್ತಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಅಷ್ಟೂ ಸಿಕ್ಕಿತು ಎಂದೇ ಹಿಡಿಯೋಣ. 8 ಕ್ವಿಂಟಲಿಗೆ 18,952 ರೂಪಾಯಿ ಆಯಿತು. ಅದೇ ಭತ್ತವನ್ನು ಗಿರಣಿಗೆ ಹಾಕಿಸಿದರೆ ಹೆಚ್ಚುಕಡಿಮೆ 5 ಕ್ವಿಂಟಲ್ ಅಕ್ಕಿ. ಐದು ಜನರ ಮನೆಗೆ ಒಂದು ವರ್ಷದ ಊಟ. ಆ ಅಕ್ಕಿಯನ್ನು ಅಂಗಡಿಯಲ್ಲಿ ಕಿಲೋಕ್ಕೆ 60 ರೂಪಾಯಿಯಂತೆ ಕೊಂಡರೆ 30,000 ರೂಪಾಯಿ ಬೇಕು. ಗಿರಣಿ ಖರ್ಚು ಕಳೆದರೂ ಹತ್ತು ಸಾವಿರದ ಅಂತರ. ಭತ್ತ ಮಾರಿ ಅಕ್ಕಿ ಕೊಂಡವನು ಅಷ್ಟನ್ನು ಸುಮ್ಮನೆ ಬಿಟ್ಟುಕೊಟ್ಟ ಹಾಗೆ. ರೇಷನ್ ಅಕ್ಕಿ ಇದೆಯಲ್ಲ ಎಂದು ಕೇಳುವಿರಿ. ಅದು ಬರುವ ಮನೆಗೆ ಈ ಅಂತರ ಕಡಿಮೆಯಾದೀತು. ಆದರೆ ದನಕ್ಕೆ ಹುಲ್ಲು, ತೌಡು ರೇಷನ್ನಿನಲ್ಲಿ ಬರುವುದಿಲ್ಲ.

ಇದರಲ್ಲಿ ಹೊಸದೇನೂ ಇಲ್ಲ. ರೈತ ಮಾರುವಾಗ ಸಗಟು ದರ, ಕೊಳ್ಳುವಾಗ ಚಿಲ್ಲರೆ ದರ. ಎರಡೂ ದರವನ್ನು ಬೇರೆಯವರೇ ಹೇಳುತ್ತಾರೆ. ಈ ಎರಡು ದರಗಳ ನಡುವಿನ ಕಂದಕದಲ್ಲಿ ನಮ್ಮ ಸಾಲ ಹುಟ್ಟುತ್ತದೆ. ಹಾಗಾದರೆ ಮನೆಯಲ್ಲಿ ಯಾವ ಸಣ್ಣ ಕೆಲಸ ಮೊದಲು ಕೈಗೆತ್ತಿಕೊಳ್ಳಬೇಕು? ಕೊಳ್ಳುವುದನ್ನು ತಪ್ಪಿಸುವ ಕೆಲಸ ಮೊದಲು. ಮಾರುವುದಕ್ಕೆಂದು ಮಾಡುವ ಕೆಲಸ ಆಮೇಲೆ. ನೀವು ಬೆಳೆದು ನೀವೇ ಉಂಡದ್ದಕ್ಕೆ ಪೂರಾ ಅಂಗಡಿಯ ದರ ಸಿಕ್ಕಿತು ಎಂದು ತಿಳಿಯಿರಿ.

ಮಾರುವವರಲ್ಲೂ ಇದನ್ನು ಅರಿತವರು ನಮ್ಮ ಪಕ್ಕದಲ್ಲೇ ಇದ್ದಾರೆ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆಯವರು ಭತ್ತ ಕೊಯಿದ ಗದ್ದೆಯಲ್ಲಿ ಸಿಹಿ ನೀರುಳ್ಳಿ ಬೆಳೆಯುತ್ತಾರೆ. ಅದನ್ನು ಗೊಂಚಲು ಕಟ್ಟಿ ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ತಾವೇ ಮಾರುತ್ತಾರೆ. ಬೀಜವೂ ಮನೆಯದೇ. ಗೊಂಚಲು ಕಟ್ಟುವ ಕೈ ಮನೆಯದು, ದರ ಹೇಳುವ ಬಾಯಿಯೂ ಮನೆಯದು. ಅದೇ ನೀರುಳ್ಳಿಯನ್ನು ಚೀಲ ತುಂಬಿ ಮಂಡಿಗೆ ಹಾಕಿದ್ದರೆ ದರ ಹೇಳುವವನು ಬೇರೆ ಆಗುತ್ತಿದ್ದ.

ಗಜನಿ ಕಲಿಸಿದ ಪಾಠ

ಅಘನಾಶಿನಿ ದಂಡೆಯ ಗಜನಿಗಳನ್ನು ನೋಡಿ. ಮಾಣಿಕಟ್ಟಾ, ಮಾಸೂರು, ಹೆಗಡೆ, ಕೊಡಕಣಿ, ಈ ಊರುಗಳ ಹಿರಿಯರಿಗೆ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು. ಉಪ್ಪು ತಡೆಯುವ ಕಗ್ಗ ಭತ್ತ. ಆಳೆತ್ತರಕ್ಕೆ ಬೆಳೆದು ನೆರೆ ಬಂದರೂ ಕೆಲವು ದಿನ ತಡೆದು ನಿಲ್ಲುವ ಜಾತಿ. ಗೊಬ್ಬರ ಕೊಳ್ಳುವುದಿಲ್ಲ, ಔಷಧ ಹೊಡೆಯುವುದಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಕೊಳೆತ ಕೂಳೆ ಮೀನು, ಸಿಗಡಿಗಳಿಗೆ ಆಹಾರ. ಒಂದೇ ನೆಲದಲ್ಲಿ ವರ್ಷದ ಅನ್ನವೂ ಸಾರೂ ಸಿಗುತ್ತಿತ್ತು. ಕಟ್ಟೆ ಸೋರಿದರೆ ಮಣ್ಣು ಹೊತ್ತು ಮುಚ್ಚುವುದು ಊರವರ ಕೆಲಸವಾಗಿತ್ತು.

1970ರ ದಶಕದಲ್ಲಿ ಸರಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿತು. ಒಳ್ಳೆಯದೇ ಆಯಿತು. ಆದರೆ ಕಟ್ಟೆ ಸರಕಾರದ್ದು ಎಂದಾದ ಮೇಲೆ ಸೋರಿಕೆ ಮುಚ್ಚುವ ಕೆಲಸವೂ ಸರಕಾರದ್ದು ಎಂಬ ಭಾವನೆ ಬೆಳೆಯಿತು. 1990ರ ದಶಕದ ಆರಂಭದಲ್ಲಿ ಸಿಗಡಿಯ ಕಾಲ ಬಂತು. ಗುತ್ತಿಗೆ ಹಣ ಕೈಗೆ ಬಂದಾಗ ಮೈ ಬಗ್ಗಿಸಿ ನಾಟಿ ಮಾಡುವುದು ಯಾಕೆ ಎನಿಸಿದ್ದು ಸಹಜ. ವರ್ಷವಿಡೀ ಉಪ್ಪುನೀರು ನಿಂತ ಗಜನಿಗಳಲ್ಲಿ ಭತ್ತ ನಿಂತುಹೋಯಿತು. ಕೆಲವೇ ವರ್ಷಗಳಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಯ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು.

ಇದರಲ್ಲಿ ಯಾರದು ತಪ್ಪು ಎಂಬ ವಿಚಾರಣೆ ಇವತ್ತು ಬೇಡ. ಗುತ್ತಿಗೆ ಹಣವನ್ನು ಎಣಿಸಿದ ನಾವು ಕಳೆದುಕೊಂಡದ್ದನ್ನು ಎಣಿಸಿದೆವೇ ಎಂಬುದನ್ನು ಮಾತ್ರ ಕೇಳಿಕೊಳ್ಳೋಣ. ಮನೆಯ ಅಕ್ಕಿ ಹೋಯಿತು, ಸಾರಿನ ಮೀನು ಹೋಯಿತು, ಕಗ್ಗದ ಬೀಜ ಹಲವು ಮನೆಗಳಿಂದ ಹೋಯಿತು. ಇವೆಲ್ಲಕ್ಕೂ ಮುಂಚೆ ದುಡ್ಡು ಕೊಡುತ್ತಿರಲಿಲ್ಲ. ಆದ್ದರಿಂದ ಅವಕ್ಕೆ ಬೆಲೆಯೇ ಇಲ್ಲ ಎಂದುಕೊಂಡೆವು. ಅಂಗಡಿಯಲ್ಲಿ ಅಕ್ಕಿ ಕೊಳ್ಳತೊಡಗಿದ ದಿನ ಅದರ ಬೆಲೆ ತಿಳಿಯಿತು. ಬಿಟ್ಟ ಮೇಲೆ ಲೆಕ್ಕ ಹಾಕುವುದಕ್ಕಿಂತ ಬಿಡುವ ಮುಂಚೆ ಲೆಕ್ಕ ಹಾಕುವುದು ಮೇಲು. ಈಗಲೂ ಕಗ್ಗವನ್ನು ಉಳಿಸಿಕೊಂಡು ಬಂದ ಮನೆಗಳಿವೆ. ಅವರು ಬೀಜವನ್ನಷ್ಟೇ ಉಳಿಸಿಲ್ಲ, ಪೇಟೆಯನ್ನು ಕೇಳದೆ ಉಣ್ಣುವ ದಾರಿಯನ್ನೂ ಉಳಿಸಿದ್ದಾರೆ.

ಕೈಯಳತೆಯ ಕೆಲಸಗಳು

ಈಗ ಮನೆಯ ಹತ್ತಿರ ಬರೋಣ. ಮೊದಲು ಗೊಬ್ಬರಗುಂಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ದಿನಾ ಬಾಚಿ ಗುಂಡಿಗೆ ಹಾಕುತ್ತೀರಿ. ಗುಂಡಿಗೆ ಮಾಡಿಲ್ಲದಿದ್ದರೆ ಅದರ ಸಾರವೆಲ್ಲ ಕಂದು ನೀರಾಗಿ ಹಳ್ಳಕ್ಕೆ ಹೋಗುತ್ತದೆ. ಉಳಿಯುವುದು ಸಿಪ್ಪೆ. ಅಡಿಕೆ ದಬ್ಬೆ, ತೆಂಗಿನ ಮಡಲು, ನಾಲ್ಕು ಕಂಬ, ಎರಡು ದಿನದ ಕೆಲಸ. ಸುತ್ತ ಒಂದು ಗೇಣು ಎತ್ತರದ ಮಣ್ಣಿನ ಏರಿ ಹಾಕಿ ಹೊರಗಿನ ನೀರು ಒಳಬರದಂತೆ ಮಾಡಿ. ಕೊಟ್ಟಿಗೆಯ ಗಂಜಲ ಗುಂಡಿಗೇ ಹರಿಯುವ ಹಾಗೆ ಕಾಲುವೆ ತೋಡಿ. ಇದಕ್ಕೆ ಸಾಲವೂ ಬೇಡ, ಸಬ್ಸಿಡಿಯ ಅರ್ಜಿಯೂ ಬೇಡ. ಇದರ ಬೆಲೆ ತಿಳಿಯಬೇಕಾದರೆ ಒಂದು ಲಾರಿ ಗೊಬ್ಬರ ಹೊರಗಿನಿಂದ ತರಿಸಲು ಏನು ಕೊಡುತ್ತೀರಿ ಎಂದು ನೆನಪಿಸಿಕೊಳ್ಳಿ.

ಎರಡನೆಯದು ಹಿತ್ತಲು. ಬಚ್ಚಲ ನೀರು ಸುಮ್ಮನೆ ಹರಿದು ಹೋಗುವ ಮನೆಗಳು ಇನ್ನೂ ಇವೆ. ಆ ನೀರಿಗೆ ಎರಡು ಬಾಳೆ, ಒಂದು ಬಸಳೆ ಚಪ್ಪರ, ಪಕ್ಕದಲ್ಲಿ ಹರಿವೆ, ಬದನೆ, ಮೊಗೆಕಾಯಿ ಹಾಕಿ. ದಿನಕ್ಕೆ 40 ರೂಪಾಯಿಯ ತರಕಾರಿ ಕೊಳ್ಳುವ ಮನೆ ಆರು ತಿಂಗಳು ಕೊಳ್ಳದೆ ನಡೆಸಿದರೆ ಉಳಿಯುವುದು ಸುಮಾರು 7,300 ರೂಪಾಯಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಲ್ಲಿ ತಂದ 20,000 ರೂಪಾಯಿ ಕೈಸಾಲಕ್ಕೆ ವರ್ಷದ ಬಡ್ಡಿ 7,200. ಒಂದು ಹಿತ್ತಲು ಒಂದು ಕೈಸಾಲದ ಬಡ್ಡಿಯನ್ನು ಹೊರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ನಾನೂ ಸರಕಾರದ ಪ್ರಚಾರಕನಾಗುತ್ತೇನೆ. ಲೆಕ್ಕದ ಇನ್ನೊಂದು ಮಗ್ಗುಲು ನೋಡಿ. ಆ ಹಿತ್ತಲಿಗೆ ದಿನಕ್ಕೆ ಒಂದು ಗಂಟೆ ಬೇಕು. ಆರು ತಿಂಗಳಿಗೆ 180 ಗಂಟೆ. ಎಂಟು ಗಂಟೆಯ ದಿನದಂತೆ ಇಪ್ಪತ್ತೆರಡೂವರೆ ಆಳು. ಆಳಿಗೆ 400 ರೂಪಾಯಿ ಹಿಡಿದರೆ 9,000 ರೂಪಾಯಿ. ಉಳಿದದ್ದು 7,300, ಹೋದದ್ದು 9,000! ಹಾಗಾದರೆ ಚಪ್ಪರ ಕಿತ್ತುಹಾಕಬೇಕೇ? ಬೇಡ. ಬೆಳಿಗ್ಗೆಯ ಆ ಒಂದು ಗಂಟೆಗೆ ಕೂಲಿ ಕೊಟ್ಟು ಕರೆಯುವವರು ಯಾರೂ ಇಲ್ಲ, ಬಡ್ಡಿ ಕೇಳುವವರು ಮಾತ್ರ ಇದ್ದಾರೆ. ಆದರೆ ಒಂದು ಮಾತು ಮನದಟ್ಟಾಗಲಿ. ಆ ಬಡ್ಡಿಯನ್ನು ಕಟ್ಟಿದ್ದು ಬಸಳೆಯಲ್ಲ. ಮನೆಯ ಅಮ್ಮ, ಅತ್ತಿಗೆ, ಸೊಸೆ ತಮ್ಮ ಬೆವರಿನಿಂದ ಅದನ್ನು ಕಟ್ಟಿದ್ದಾರೆ.

ಆದ್ದರಿಂದ ಮನೆಯಲ್ಲಿ ಯಾವ ಹೊಸ ಕೆಲಸ ಶುರು ಮಾಡುವುದಾದರೂ ಮೊದಲ ಪ್ರಶ್ನೆ: ಇದು ಯಾರ ಸಮಯ ತಿನ್ನುತ್ತದೆ? ಜಗಲಿಯ ಮೇಲೆ ಕೂತು ಗಂಡಸರು 'ಇನ್ನೆರಡು ದನ ಕಟ್ಟುವ' ಎಂದು ತೀರ್ಮಾನ ಮಾಡಿದರೆ ಸಗಣಿ ಬಾಚುವವರು ಒಳಗಿರುತ್ತಾರೆ. ಅವರನ್ನು ಕೇಳದೆ ಮಾಡಿದ ಯೋಜನೆ ಎರಡು ವರ್ಷ ನಿಲ್ಲುವುದಿಲ್ಲ. ಮುರುಗಲು ಸಿಪ್ಪೆ ಒಣಗಿಸುವುದು, ಉಪ್ಪಿನಕಾಯಿಗೆ ಮಿಡಿ ಹಾಕುವುದು, ಮಡಲು ಹೆಣೆಯುವುದು, ಎಲ್ಲವೂ ಮಳೆ ಹಿಡಿಯುವ ಮುಂಚಿನ ಅದೇ ಹದಿನೈದು-ಇಪ್ಪತ್ತು ದಿನದಲ್ಲಿ ಒಟ್ಟಿಗೆ ಬರುತ್ತವೆ. ಒಬ್ಬಾಕೆಗೆ ಇರುವುದು ಎರಡೇ ಕೈ.

ಮೂರನೆಯದು ಗೊಬ್ಬರ ಗ್ಯಾಸ್. ಇದು ದುಡ್ಡಿನ ಕೆಲಸ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸರಕಾರ 1981-82ರಿಂದ ರಾಷ್ಟ್ರೀಯ ಯೋಜನೆಯಾಗಿಯೇ ಇದನ್ನು ಹಳ್ಳಿಗೆ ತಂದಿತು. ನಮ್ಮ ಜಿಲ್ಲೆಯ ಘಟ್ಟದ ಮೇಲಿನ ಊರುಗಳಲ್ಲಿ ಬಹಳ ಮನೆಗಳಲ್ಲಿ ಚೆನ್ನಾಗಿಯೇ ನಡೆದಿದೆ. ಅಂದಾಜು 25 ಕಿಲೋ ಸಗಣಿಗೆ ಒಂದು ಘನ ಮೀಟರ್ ಗ್ಯಾಸು. ಸಣ್ಣ ಸಂಸಾರಕ್ಕೆ ಬೇಕಾದ ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಅದು ಪೂರ್ತಿ ನಡೆದರೆ ತಿಂಗಳಿಗೆ ಒಂದೂಮುಕ್ಕಾಲು ಸಿಲಿಂಡರಿನಷ್ಟು ಉರಿ. ದೊಡ್ಡ ಮೈಯ ದನ ನಾಲ್ಕೈದು ಇದ್ದರೆ ಸಗಣಿ ಸಾಕು. ನಮ್ಮ ಮಲೆನಾಡು ಗಿಡ್ಡ ಚಿಕ್ಕ ದನ. ಹಗಲೆಲ್ಲ ಗುಡ್ಡದಲ್ಲಿ ಮೇದು ಅರ್ಧ ಸಗಣಿ ಅಲ್ಲೇ ಹಾಕಿ ಬರುತ್ತದೆ. ಆದ್ದರಿಂದ ಸಾಲದ ಅರ್ಜಿ ಬರೆಯುವ ಮುಂಚೆ ಒಂದು ವಾರ ಬುಟ್ಟಿಯಲ್ಲಿ ಸಗಣಿ ತೂಗಿ ನೋಡಿ. ಮಳೆಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ. ಗುಂಡಿ ತೆಗೆಯುವ ಜಾಗದಲ್ಲಿ ಆಟಿಯಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ನೋಡಿ. ಕಬ್ಬಿಣದ ಡ್ರಮ್ಮಿನ ಮಾದರಿಯಾದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ವರ್ಷಾ ಬಣ್ಣ ಬೇಕು. 1984ರಲ್ಲಿ ಬಂದ ದೀನಬಂಧು ಮಾದರಿ ಇಟ್ಟಿಗೆಯದು, ಆ ತೊಂದರೆ ಇಲ್ಲ, ಆದರೆ ಕಟ್ಟುವ ಕೈ ಪಳಗಿದ್ದಿರಬೇಕು.

ತೂಗಿ ನೋಡಿ ಸಗಣಿ ಸಾಲದು ಎಂದಾದರೆ ಬೇಜಾರಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಅರ್ಧಕ್ಕರ್ಧ ಕಟ್ಟಿಗೆ ಉಳಿಸಬಲ್ಲದು. ಹೊಗೆಯೂ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಮಣ್ಣು, ಇಟ್ಟಿಗೆಯಲ್ಲಿ ಒಂದು ದಿನದ ಕೆಲಸ. ಕಟ್ಟಿಗೆ ಹೊರುವವರಿಗೆ ಅದು ಎಷ್ಟು ಹೊರೆ ಕಡಿಮೆ ಮಾಡುತ್ತದೆ ಎಂಬುದನ್ನು ಅವರನ್ನೇ ಕೇಳಿ.

ಲೆಕ್ಕಕ್ಕೆ ಸಿಗದ ಆಳುಗಳು

ಈಗ ದಿಲ್ಲಿಗೆ ಹೋಗೋಣ. 1965ರಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು. 1985ರಲ್ಲಿ ಅದಕ್ಕೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂಬ ಹೆಸರಾಯಿತು. ಅದು ಬೆಳೆಯ ಖರ್ಚನ್ನು ಕೆಲವು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಕೈಯಿಂದ ಕೊಟ್ಟ ಖರ್ಚು ಒಂದು. ಅದಕ್ಕೆ ಮನೆಯವರ ದುಡಿಮೆಯ ಕೂಲಿ ಸೇರಿಸಿದ್ದು ಇನ್ನೊಂದು. ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು ಪೂರ್ಣ ಖರ್ಚು. 2025-26ಕ್ಕೆ ಭತ್ತದ ಎರಡನೇ ಬಗೆಯ ಖರ್ಚು ಕ್ವಿಂಟಲಿಗೆ 1,579 ರೂಪಾಯಿ ಎಂದು ಹಿಡಿದು, ಅದರ ಒಂದೂವರೆ ಪಟ್ಟು 2,369 ಎಂದು ಬೆಲೆ ಕಟ್ಟಿದ್ದಾರೆ. ಸ್ವಾಮಿನಾಥನ್ ಅವರ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚು ಕೊಡಬೇಕು ಎಂದಿತು. ಆ ಖರ್ಚು ಪೂರ್ಣ ಖರ್ಚಾಗಿರಬೇಕು ಎಂಬುದೇ ರೈತ ಚಳವಳಿಯ ಬೇಡಿಕೆ.

ಬಾಂಧವರೇ, ಇಡೀ ದೇಶಕ್ಕೆ ಸರಾಸರಿ ಮಾಡಿದ ಆ 1,579ರಲ್ಲಿ ಗಜನಿಯ ಆಳು ಎಷ್ಟು ಸೇರಿದೆ? ನಮ್ಮಲ್ಲಿ ಕೈಖರ್ಚು ಕಡಿಮೆ, ಮೈಖರ್ಚು ಜಾಸ್ತಿ. ಟ್ರ್ಯಾಕ್ಟರ್ ಇಳಿಯದ ಕೆಸರು, ನೀರಲ್ಲಿ ನಿಂತು ಕೊಯ್ಯುವ ತೆನೆ. ಮೊದಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎಕರೆಗೆ ಮನೆಯವರ 45 ಆಳು, ಆಳಿಗೆ 400 ರೂಪಾಯಿ ಎಂದರೆ 18,000. ಬಂದ ಬೆಲೆ 18,952. ಉಳಿದದ್ದು 952 ರೂಪಾಯಿ. ಅದರಲ್ಲಿ ಬೀಜ, ಸಾಗಾಟ, ಕಟ್ಟೆ ರಿಪೇರಿ ಎಲ್ಲ ಆಗಬೇಕು.

ಲೆಕ್ಕ ಬರೆದುಕೊಳ್ಳುವವರು ಬಂದಾಗ ನಾವು ಏನು ಹೇಳುತ್ತೇವೆ? 'ನಾಟಿಗೆ ಹತ್ತು ಆಳು' ಎನ್ನುತ್ತೇವೆ. ಕೂಲಿ ಕೊಟ್ಟ ಆಳು ನೆನಪಿರುತ್ತದೆ. ಬೀಜ ಕಟ್ಟಿ ಮೊಳಕೆ ಬರಿಸಿದ್ದು, ಕೂಲಿಯವರಿಗೆ ಗಂಜಿ ಬೇಯಿಸಿದ್ದು, ಭತ್ತ ಒಣಗಿಸಿದ್ದು, ತೂರಿದ್ದು, ಗೊಬ್ಬರ ಹೊತ್ತದ್ದು, ಇವು ಯಾರ ಬಾಯಲ್ಲೂ ಬರುವುದಿಲ್ಲ. 'ಅದೆಂತಾ ಲೆಕ್ಕ ಮಾರಾಯ್ರೆ, ಮನೆ ಕೆಲಸ ಅಲ್ದಾ' ಎನ್ನುತ್ತೇವೆ. ನಾವೇ ಎಣಿಸದಿದ್ದುದನ್ನು ಆಯೋಗ ಎಣಿಸೀತೇ?

ಬರೆದಿಟ್ಟ ಕಾಗದಕ್ಕೆ ಎಷ್ಟು ಬಲ ಎಂಬುದು ಈ ಜಿಲ್ಲೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ದಿನಕರ ದೇಸಾಯಿಯವರು ಗೇಣಿದಾರರನ್ನು ಕಟ್ಟಿ ನಿಲ್ಲಿಸಿ ಬ್ರಿಟಿಷರಿಂದ ಗಡಿಪಾರಾದ ನೆಲ ಇದು. 1974ರ ಮಾರ್ಚ್ 1ರಿಂದ ಉಳುವವನೇ ಒಡೆಯ ಎಂಬ ಕಾಯಿದೆ ಬಂದಾಗ ನಮೂನೆ 7 ಹಿಡಿದು ಭೂ ನ್ಯಾಯಮಂಡಳಿಯ ಎದುರು ನಿಂತವರಲ್ಲಿ ಗೇಣಿ ಪಾವತಿ ಇದ್ದವನಿಗೆ, ಪಹಣಿಯಲ್ಲಿ ಹೆಸರಿದ್ದವನಿಗೆ ಬಲ. ತಲೆತಲಾಂತರದಿಂದ ಉತ್ತರೂ ಕಾಗದವಿಲ್ಲದವನಿಗೆ ಪರದಾಟ. ಅಂದು ಭೂಮಿಗೆ ಆದದ್ದೇ ಇಂದು ದುಡಿಮೆಗೆ ಆಗುತ್ತಿದೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದೂ ಲೆಕ್ಕದ ಮೇಲೆಯೇ. ನೀವು ಹೇರಿದ ಕರ ಇಷ್ಟು, ನಮ್ಮ ಗದ್ದೆ ಕೊಟ್ಟದ್ದು ಇಷ್ಟು ಎಂದು ಅವರು ಕೇಳಿದರು.

ಸಾಲ ಯಾರ ಹೆಸರಿನಲ್ಲಿ?

ಸಾಲದ ಬಗ್ಗೆ ಎರಡೇ ಮಾತು. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘದ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಆದರೆ ಬಡ್ಡಿ ಇಲ್ಲದಿರುವುದು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಮಾತ್ರ. ವಾಯಿದೆ ಬಂದಾಗ ಕೈಯಲ್ಲಿ ಕಾಸಿಲ್ಲ. ಹೊರಗಿನಿಂದ ಕೈಸಾಲ ತಂದು ಕಟ್ಟಿ, ಮತ್ತೆ ಅದೇ ಸಾಲ ಎತ್ತಿ ಕೈಸಾಲ ತೀರಿಸುತ್ತೇವೆ. ಸಂಘದ ಪುಸ್ತಕದಲ್ಲಿ ಬಡ್ಡಿ ಸೊನ್ನೆ, ಮನೆಯಲ್ಲಿ ಸೊನ್ನೆಯಲ್ಲ. ಆ ನಡುವಿನ ಕೆಲವು ದಿನದ ಬಡ್ಡಿಯನ್ನು ನೀವು ಎಂದಾದರೂ ಬೆಳೆಯ ಖರ್ಚಿಗೆ ಸೇರಿಸಿದ್ದೀರಾ?

ಎರಡನೆಯದು, ಹೆಂಗಸರ ಸಂಘದ ಸಾಲ, ವಾರವಾರ ಕಂತು ಕೇಳುವ ಕಿರುಸಾಲ. ಅದು ಹೆಂಡತಿಯ ಹೆಸರಿನಲ್ಲಿರುತ್ತದೆ. ಖರ್ಚಾಗುವುದು ಬಾವಿಗೆ, ಪಂಪಿಗೆ, ಮಗಳ ಫೀಸಿಗೆ. ಪಹಣಿಯಲ್ಲಿ ಆಕೆಯ ಹೆಸರಿಲ್ಲ, ಸಾಲದಲ್ಲಿ ಇದೆ. ವಸೂಲಿಯವರು ಬಂದು ನಿಲ್ಲುವುದು ಆಕೆಯ ಎದುರು. ಈ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ತಡೆಯಬೇಕಾಯಿತು. ಸಾಲಮನ್ನಾದ ಮಾತು ಬಂದಾಗ ಗಂಡನ ಹೆಸರಿನ ಬೆಳೆಸಾಲ ಮಾತ್ರ ರೈತರ ಸಾಲ, ಹೆಂಡತಿಯ ಹೆಸರಿನದು ರೈತರ ಸಾಲವಲ್ಲ! ಇದನ್ನು ಒಪ್ಪಬೇಡಿ. ಒಂದೇ ಗದ್ದೆಗೆ, ಒಂದೇ ಒಲೆಗೆ ತಂದ ಸಾಲ ಒಂದೇ.

ಒಂದು ನೋಟುಬುಕ್ಕು

ಹಾಗಾದರೆ ಏನು ಮಾಡಬೇಕು? ಇಪ್ಪತ್ತು-ಮೂವತ್ತು ರೂಪಾಯಿಯ ಒಂದು ನೋಟುಬುಕ್ಕು ತನ್ನಿ. ದೇವರ ಗೂಡಿನ ಹತ್ತಿರವೋ ಅಡಿಗೆಮನೆಯ ಬಾಗಿಲಲ್ಲೋ ನೇತುಹಾಕಿ. ಗಂಡಸರ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಡಿ. ನಾಲ್ಕು ಕಾಲಮ್ಮು ಸಾಕು. ಕೊಂಡದ್ದು, ಕೊಳ್ಳದೆ ಮನೆಯಿಂದಲೇ ಆದದ್ದು, ಯಾರು ಎಷ್ಟು ಹೊತ್ತು ದುಡಿದರು, ಯಾವ ಸಾಲಕ್ಕೆ ಏನು ಕಟ್ಟಿದೆವು. ದಿನಾ ರಾತ್ರಿ ಎರಡು ಗೆರೆ. ಬರೆಯಲು ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಹೇಳಿ. ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ಬೇಸಾಯ ಎಂದರೆ ಏನೆಂದು ಆ ಮಗುವಿಗೂ ತಿಳಿಯುತ್ತದೆ.

ಒಂದು ವರ್ಷ ಬರೆಯಿರಿ. ಮನೆಗೆ ಆಗುವ ಲಾಭ ಮೊದಲು ಕಾಣುತ್ತದೆ. ಯಾವ ಸಣ್ಣ ಕೆಲಸ ನಿಜವಾಗಿ ಕಾಸು ಉಳಿಸಿತು, ಯಾವುದು ಬರೀ ಒದ್ದಾಟವಾಯಿತು, ಯಾರ ಮೇಲೆ ಹೊರೆ ಹೆಚ್ಚಾಯಿತು ಎಲ್ಲ ಗೊತ್ತಾಗುತ್ತದೆ. ಮುಂದಿನ ವರ್ಷ ಯಾವುದಕ್ಕೆ ಸಾಲ ಮಾಡಬಾರದು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಆಮೇಲೆ ಊರಿನ ಹತ್ತು ಮನೆಯ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಕೂಡಿಸಿ. ಗಜನಿಯ ಒಂದು ಕ್ವಿಂಟಲ್ ಕಗ್ಗಕ್ಕೆ ನಿಜವಾಗಿ ಬಿದ್ದ ಖರ್ಚು ಎಷ್ಟು ಎಂಬುದು ಆಗ ನಿಮ್ಮ ಬಾಯಿಂದಲೇ ಬರಬೇಕು. ಕೃಷಿ ಇಲಾಖೆಯವರು ಬಂದರೆ ಆ ಪುಸ್ತಕ ತೋರಿಸಿ. ಬೆಲೆ ಆಯೋಗಕ್ಕೆ ಮನವಿ ಕೊಡುವಾಗ ಅದರ ನಕಲು ಲಗತ್ತಿಸಿ. ಸಾಲದ ನೋಟೀಸು ಬಂದರೆ ಅದಕ್ಕೂ ಉತ್ತರ ಅದರಲ್ಲೇ ಇದೆ. ಈ ದೇಶಕ್ಕೆ ಅಗ್ಗದ ಅನ್ನ ಹಾಕಲು ನಮ್ಮ ಮನೆಯ ಹೆಂಗಸರು ಇಷ್ಟು ಆಳು ಪುಕ್ಕಟೆ ದುಡಿದಿದ್ದಾರೆ. ಮೊದಲು ಆ ಬಾಕಿ ಚುಕ್ತಾ ಮಾಡಿ, ನಮ್ಮ ಬಾಕಿಯ ಮಾತು ಆಮೇಲೆ ಆಡೋಣ.

ಗುಂಡಿಗೆ ಮಾಡು ಹಾಕಿ, ಹಿತ್ತಲಿಗೆ ಬಚ್ಚಲ ನೀರು ತಿರುಗಿಸಿ, ಕಟ್ಟೆಯ ತೂತು ಮುಚ್ಚಿ, ಕಗ್ಗದ ಬೀಜ ಒಂದು ಮುಡಿಯಾದರೂ ಇಟ್ಟುಕೊಳ್ಳಿ. ಮಾಡಿದ್ದನ್ನೆಲ್ಲ ಬರೆಯಿರಿ. ಮುಂದಿನ ಸಭೆಗೆ ಬರುವಾಗ ಬರಿಗೈಯಲ್ಲಿ ಬರಬೇಡಿ, ಪುಸ್ತಕ ತನ್ನಿ. ಬರೆದವರನ್ನೂ ಕರೆದುಕೊಂಡು ಬನ್ನಿ. ಅವರು ಹಿಂದೆ ಬಾಗಿಲ ಸಂದಿಯಲ್ಲಿ ನಿಲ್ಲುವುದು ಬೇಡ, ಎದುರು ಸಾಲಿನಲ್ಲಿ ಕೂರಲಿ. ಲೆಕ್ಕ ಓದಬೇಕಾದವರು ಅವರೇ.